ಸದ್ದಿಲ್ಲದ ತರಗತಿ

ನಾರಾಯಣಗೂಡದ ಒಂದು ಕನ್ನಡ ಶಾಲೆಗೆ ಹೊಸದಾಗಿ ಸೇರಿದ್ದ ಸುಹಾಸಿನಿ ಯಾವ ಕೆಲಸಕ್ಕೂ ಒಲ್ಲೆ ಎಂದವಳಲ್ಲ. ರಜೆ ಹಾಕಿದವರ ಪಾಠ, ನಾಟಕದ ತಾಲೀಮು, ಪ್ರಶ್ನೆಪತ್ರಿಕೆಯ ಪ್ರತಿ ತೆಗೆಯಲು ಸ್ಟೆನ್ಸಿಲ್ ಕೊರೆಯುವುದು ಎಲ್ಲ ಸೇರಿ ಅವಳ ನಿದ್ದೆ ತಿಂದಿದ್ದವು. ಆ ಮಧ್ಯಾಹ್ನ ಮಕ್ಕಳಿಗೆ ಲೆಕ್ಕ ಕೊಟ್ಟವಳು ಕುರ್ಚಿಯಲ್ಲೇ ಮಲಗಿಬಿಟ್ಟಳು.

ಚಪ್ಪಲಿಯ ಸದ್ದಿಗೆ ದಡಬಡಿಸಿ ಎದ್ದಾಗ ಮುಖ್ಯೋಪಾಧ್ಯಾಯಿನಿ ಯಮುನಾಬಾಯಿ ಒಳಗೆ ಬರುತ್ತಿದ್ದರು.

“ಎಷ್ಟು ಶಾಂತ ಐತ್ರಿ ನಿಮ್ಮ ಕ್ಲಾಸು! ನಾಳೆಯಿಂದ ಏಳನೇ ಕ್ಲಾಸಿನ ಮಂಗ್ಯಾಗಳನ್ನೂ ನೀವೇ ನೋಡ್ಕೊಳ್ರಿ.”

‘ಆಗಲಿ’ ಎಂಬ ಮಾತು ನಾಲಿಗೆಗೆ ಬಂದಿತ್ತು. ಮುಂದಿನ ಬೆಂಚಿನ ಹುಡುಗಿ ಅಂಬವ್ವ ಮಾತ್ರ ಇನ್ನೂ ತುಟಿಯ ಮೇಲೆ ಬೆರಳಿಟ್ಟುಕೊಂಡು ಹಿಂದಿನವರನ್ನು ಸುಮ್ಮನಿರಿಸುತ್ತಿದ್ದಳು. ಸುಹಾಸಿನಿಯ ಮುಖ ಬಿಸಿಯಾಯಿತು.

“ಆಗಂಗಿಲ್ರಿ ಬಾಯಾರ. ನಾನು ಮಲಗಿಬಿಟ್ಟಿದ್ದೆ. ನನಗ ಎಚ್ಚರ ಆಗಬಾರದಂತ ಈ ಮಕ್ಕಳು ಸುಮ್ಮನಿದ್ದಾವ.”

ತಪ್ಪು ತಮ್ಮದೇ ಎಂಬಂತೆ ಮಕ್ಕಳೆಲ್ಲ ತಲೆ ತಗ್ಗಿಸಿದರು.