ಶಾಲೆಯಲ್ಲಿ ಆಡಿ ಬಂದ ಮುಮತಾಜ

ಘತ್ತರಗಿಯಲ್ಲಿ ಗುಡಿಯ ಹಾದಿಯಲ್ಲಿ ಬಳೆ ಮಾರುವ ಜೈತುನಬಿಗೆ ಒಂದು ದೊಡ್ಡ ಹೆಮ್ಮೆ ಇತ್ತು. ಅದು ಮಗಳು ಮುಮತಾಜಳ ಓದು. ಒಂದನೇ ಇಯತ್ತೆಯಲ್ಲಿದ್ದಾಗ ಹುಡುಗಿ ದಿನಾ ಸಂಜೆ ಒಲೆಯ ಮುಂದೆ ಕುಳಿತು ಪಾಠವನ್ನು ಪಟಪಟನೆ ಹೇಳುತ್ತಿದ್ದಳು. ಓಣಿಯವರೆಲ್ಲ ಕೇಳಲಿ ಎಂದು ಜೈತುನಬಿ ಬೇಕೆಂದೇ ಬಾಗಿಲು ತೆರೆದಿಡುತ್ತಿದ್ದಳು.

ಎರಡನೇ ಇಯತ್ತೆಗೆ ಕಸ್ತೂರಿಬಾಯಿ ಎಂಬ ಹೊಸ ಟೀಚರು ಬಂದರು. ಪಾಠದ ದನಿ ನಿಂತೇ ಹೋಯಿತು. ಮುಮತಾಜ ಲಂಗದ ತುಂಬ ಧೂಳು, ಅಂಗೈ ತುಂಬ ಸುಣ್ಣದ ಪುಡಿ ಮೆತ್ತಿಕೊಂಡು ಮನೆಗೆ ಬರತೊಡಗಿದಳು.

"ಇವತ್ತ ಏನ್ ಕಲಿಸಿದ್ರು?"

"ಆಟ ಆಡಿದ್ವಿ ಅಮ್ಮಿ."

"ನಿನ್ನಿ?"

"ನಿನ್ನಿನೂ ಆಟಾನ."

ಜೈತುನಬಿಯ ಪಿತ್ತ ನೆತ್ತಿಗೇರಿತು. ಅಮಾವಾಸ್ಯೆ ಬಂದರೆ ಗುಡಿಗೆ ಸಾವಿರಾರು ಮಂದಿ ಬರುತ್ತಾರೆ, ಬಳೆ ಇಡಿಸಲು ಅವಳ ಎರಡು ಕೈ ಸಾಲುವುದಿಲ್ಲ. ಗಂಡ ಯಾಕೂಬಸಾಬ ಬಳೆಯ ಗಂಟು ಹೊತ್ತು ಹಳ್ಳಿ ಹಳ್ಳಿ ತಿರುಗುವವನು, ಅಂಗಡಿಯಲ್ಲಿ ಕೈಗೂಡಿಸುವವರು ಯಾರೂ ಇಲ್ಲ.

"ಆಟಾನ ಆಡೂದಿದ್ರ ನನ್ನ ಅಂಗಡಿ ಮುಂದ ಆಡ್ಲಿ. ನಾಳಿಂದ ಸಾಲಿ ಬ್ಯಾಡ," ಎಂದಳು ಗಂಡನಿಗೆ.

"ಒಮ್ಮಿ ಟೀಚರಿಗಿ ಕೇಳು. ಆಮ್ಯಾಗ ಬಿಡಸು," ಎಂದ ಯಾಕೂಬಸಾಬ.

ಮುಮತಾಜ ಊಟ ಬೇಡವೆಂದು ಮೂಲೆಗೆ ಕುಳಿತು ಅತ್ತಳು. ತಾಯಿಯೂ ಉಣ್ಣದೆ ಎದ್ದಳು.

ಮರುದಿನ ಜೈತುನಬಿ ಮಗಳ ಕೈ ಹಿಡಿದು ಶಾಲೆಗೆ ನಡೆದಳು. ಅಂಗಳದಲ್ಲಿ ಸುಣ್ಣದಿಂದ ಬರೆದ ಕುಂಟೆಬಿಲ್ಲೆಯ ಮನೆಗಳು. ಮನೆಗೊಂದು ಅಕ್ಷರ. ಒಂದು ಹುಡುಗಿ ಬ, ಳ, ಪ ಎಂದು ಕುಂಟುತ್ತ ಹೋದರೆ ಉಳಿದವರು "ಬಳಪ!" ಎಂದು ಕೂಗುತ್ತಿದ್ದರು. ಒಬ್ಬ ಹುಡುಗ ಡಬ್ಬಿಯಿಂದ ರಟ್ಟಿನ ಚೀಟಿ ಎತ್ತಿ 'ಬಾಗಿಲು ಮುಟ್ಟು' ಎಂದು ಓದಿದ, ಓದಿದ ಹಾಗೆಯೇ ಓಡಿಹೋಗಿ ಮುಟ್ಟಿದ. ಒಳಗೆ ಒಂದೇ ಸಾಲನ್ನು ಒಬ್ಬನು ಅಜ್ಜಿಯ ದನಿಯಲ್ಲಿ, ಇನ್ನೊಬ್ಬನು ಬಸ್ ಕಂಡಕ್ಟರನ ದನಿಯಲ್ಲಿ ಓದುತ್ತಿದ್ದರು.

"ಇದೇನ್ರಿ ಬಾಯಾರ, ಸಾಲಿನೋ ಬಯಲಾಟಾನೋ?"

ಕಸ್ತೂರಿಬಾಯಿ ನಕ್ಕರು. "ಕೂಡ್ರಿ ಜೈತುನಬಿ. ನೀರು ಕುಡೀರಿ."

"ನೀರು ಬ್ಯಾಡ್ರಿ. ಹೋದ ವರ್ಷ ನನ್ನ ಮಗಳು ಪುಸ್ತಕ ಪಟಪಟ ಓದತಿದ್ಳು. ನೀವು ಬಂದ ಮ್ಯಾಲ ಬಾಯಿನೇ ಬಿಡವಲ್ಲಳು."

"ಹಂಗಾರ ಅದೇ ಪುಸ್ತಕ ಓದಸೂನು. ನೀವೇ ಹಿಡೀರಿ."

ಜೈತುನಬಿ ಗತ್ತಿನಿಂದ ಪುಸ್ತಕ ಬಿಡಿಸಿ ಹಿಡಿದಳು. ಮುಮತಾಜ ಒಂದೇ ಉಸಿರಿಗೆ ಪಾಠ ಮುಗಿಸಿದಳು.

"ನೋಡಿದ್ರ್ಯಾ?" ಎಂದಳು ತಾಯಿ.

"ನೋಡಿದೆ. ಆಕಿ ಹೇಳಿದ್ದು ಮೊದಲನೇ ಪಾಠ. ನೀವು ತೆರದದ್ದು ಆರನೇದು," ಎಂದು ಕಸ್ತೂರಿಬಾಯಿ ಮೆಲ್ಲಗೆ ಹೇಳಿದರು. ತೆರೆದ ಹಾಳೆಯ ಒಂದು ಶಬ್ದದ ಮೇಲೆ ಬೆರಳಿಟ್ಟು, "ಇದೇನು ಮುಮತಾಜ?" ಎಂದರು. ಹುಡುಗಿ ನೆಲ ನೋಡಿದಳು.

ಜೈತುನಬಿಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ತನಗೆ ಅಕ್ಷರ ಬಾರದು. ಬಾಯಿಪಾಠವನ್ನೇ ಓದು ಎಂದು ನಂಬಿ ಒಂದು ವರ್ಷ ಓಣಿಯಲ್ಲಿ ಮೆರೆದಿದ್ದಳು. ನಾಚಿಕೆಗಿಂತ ಹೆಚ್ಚಾಗಿ ಮಗಳ ಮೇಲೆ ಮರುಕ ಬಂತು.

"ತಪ್ಪು ಆಕೀದಲ್ಲ, ನಿಮ್ಮದೂ ಅಲ್ಲ," ಎಂದರು ಟೀಚರು. "ನೀವು ಬಳಿ ಇಡಸೂದು ಹ್ಯಾಂಗ ಕಲತ್ರಿ?"

"ಸಣ್ಣಾಕಿದ್ದಾಗ ಹಳೀ ಬಳಿ ತಗೊಂಡು ಗೆಳತ್ಯಾರ ಕೈಗಿ ಇಡಸಿ ಆಡತಿದ್ದೆ."

"ಈಗ ಕೈ ನೋಡಿದ ಕೂಡ್ಲೇ ಅಳತಿ ಗೊತ್ತಾಗತದಲ್ಲ? ಓದೂದೂ ಹಂಗೇ. ಶಬ್ದ ನೋಡಿದ ಕೂಡ್ಲೇ ಗುರುತು ಸಿಗಬೇಕು. ಅದಕ್ಕ ನೂರು ಸಲ ನೋಡಬೇಕು. ಕುಂತು ನೂರು ಸಲ ನೋಡಂದ್ರ ಕೂಸಿಗಿ ಬ್ಯಾಸರ. ಆಟದಾಗ ಆದ್ರ ತಾನೇ 'ಇನ್ನೊಮ್ಮಿ' ಅಂತದ."

ಜೈತುನಬಿ ಯೋಚಿಸಿದಳು. "ಮೂರು ಅಮಾಸಿ ನೋಡ್ತೇನಿ ಬಾಯಾರ. ಆಮ್ಯಾಗ ಪರೀಕ್ಷಾ ನಂದು."

"ಮಾಡ್ರಿ. ಆದ್ರ ದಿನಾ ಕಳಸಬೇಕು."

ಚೀಟಿಯಾಟ ಮನೆಗೂ ಬಂತು. ಮುಮತಾಜ ಚೀಟಿ ಓದುವುದು, ತಂದೆ ಅದರಂತೆ ಮಾಡುವುದು. ಒಂದು ಸಂಜೆ ಚೀಟಿಯಲ್ಲಿ 'ಕುಣಿ' ಎಂದಿತ್ತು. ದಿನವಿಡೀ ತಿರುಗಿ ಬಂದಿದ್ದ ಯಾಕೂಬಸಾಬ ಬೇರೆ ದಾರಿ ಕಾಣದೆ ಕುಣಿದ. ಜೈತುನಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮೂರನೇ ಅಮಾವಾಸ್ಯೆ ಬಂತು. ಅಂಗಡಿಯ ಮುಂದೆ ಅಫಜಲಪುರದ ಗಂಗಾಬಾಯಿ ಬಳೆ ಇಡಿಸಿಕೊಳ್ಳುತ್ತಿದ್ದಳು. ಅವಳು ಸಾಕ್ಷರತಾ ತರಗತಿಯಲ್ಲಿ ಓದು ಕಲಿತವಳು. ಅಷ್ಟರಲ್ಲಿ ಶಾಲೆ ಮುಗಿಸಿ ಮುಮತಾಜ ಬಂದಳು. ಜೈತುನಬಿ ಬಳೆ ಸುತ್ತಿಕೊಡಲು ಇಟ್ಟಿದ್ದ ಹಳೆಯ ಪತ್ರಿಕೆಗಳಿಂದ ಒಂದು ತುಂಡು ಎಳೆದಳು.

"ಇದನ್ನ ಓದು. ಇದು ನಿನಗ ಯಾರೂ ಕಲಿಸಿಲ್ಲ."

ಎಂದವಳೇ ಬಳೆ ಇಡಿಸುವುದನ್ನು ಬಿಟ್ಟು ಮಗಳ ಮುಖವನ್ನೇ ನೋಡಿದಳು. ಮುಮತಾಜ ಕಾಗದ ಹಿಡಿದು ನಿಂತಳು.

"ಮೇಲ್ಭಾಗದಲ್ಲಿ... ಮಳೆ ಬಿದ್ದ ಕಾರಣ... ಭೀಮಾ ನದಿಗೆ... ಹೊಸ ನೀರು ಬಂದಿದೆ." ನಡುವೆ ತಡವರಿಸಿದಳು. "ತಡಿ ಅಮ್ಮಿ, ಇನ್ನೊಮ್ಮಿ ಓದ್ತೇನಿ." ಎರಡನೇ ಸಲ ಎಲ್ಲೂ ನಿಲ್ಲಲಿಲ್ಲ. ಮೂರನೇ ಸಲ ಕಂಡಕ್ಟರನ ದನಿಯಲ್ಲಿ ಓದಿದಳು. ಬಳೆಗೆ ಬಂದ ಹೆಂಗಸರು ನಕ್ಕರು.

ಗಂಗಾಬಾಯಿ ಬಗ್ಗಿ ನೋಡಿ, "ಖರೇ ಓದ್ಯಾಳವ್ವ. ಒಂದಕ್ಷರನೂ ತಪ್ಪಿಲ್ಲ," ಎಂದಳು.

ಜೈತುನಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಿರಾಕಿಗಳ ಸಾಲು ಉದ್ದವಾಗಿತ್ತು. ಮುಮತಾಜ ಅದನ್ನು ನೋಡಿ ಅಂಜುತ್ತ ಕೇಳಿದಳು, "ಅಮ್ಮಿ, ನಾಳಿಂದ ನಾನು ಅಂಗಡ್ಯಾಗ ಕೂಡಬೇಕೇನು?"

"ನಾಳಿ ನಿನಗ ಸಾಲಿ ಅದ," ಎಂದಳು ತಾಯಿ. "ಅಂಗಡಿ ನಾ ನೋಡ್ಕೋತೇನಿ."

ಇದನ್ನು ಕೇಳುತ್ತಿರುವ ತಾಯಂದಿರೇ, ತಂದೆಯರೇ, ನಿಮ್ಮ ಮಗು ಶಾಲೆಯಿಂದ ಧೂಳು ಮೆತ್ತಿಕೊಂಡು ಬಂದರೆ ಬೈಯಬೇಡಿ. ಇವತ್ತು ಯಾವ ಆಟ ಆಡಿದಿ ಎಂದು ಕೇಳಿ, ನೀವೂ ಕೂಡಿ ಆಡಿ. ನಿಮಗೆ ಓದು ಬಾರದಿದ್ದರೂ ನಡೆಯುತ್ತದೆ. ಮನೆಗೆ ಬಂದ ಯಾವುದೇ ತುಂಡು ಕಾಗದ ಕೊಟ್ಟು ಓದಿಸಿ. ತಡವರಿಸಿದರೆ ನಗಬೇಡಿ, "ಇನ್ನೊಮ್ಮೆ ಓದು" ಎನ್ನಿ. ಟೀಚರ ಮೇಲೆ ಸಿಟ್ಟು ಬಂದರೆ ಒಂದು ತಾಸು ಶಾಲೆಯಲ್ಲಿ ಕುಳಿತು ನೋಡಿ ಬನ್ನಿ. ಆದರೆ ಮಗುವನ್ನು ಮಾತ್ರ ಶಾಲೆ ಬಿಡಿಸಬೇಡಿ.