ಈರಯ್ಯನ ತೋರುಬೆರಳು

ಈರಯ್ಯನ ಬಲಗೈ ತೋರುಬೆರಳಿಗೆ ಅದರದೇ ಒಂದು ಪಾಂಡಿತ್ಯವಿತ್ತು. ಕೊಲ್ಲಿ ನಾಡಿನ ವಫ್ರಾದ ಹಸಿರುಮನೆಯಲ್ಲಿ ತೇವ ಅಳೆಯಲೆಂದು ಕೊಟ್ಟ ಯಂತ್ರವನ್ನು ಹೊದಿಕೆಯೂ ಬಿಚ್ಚದೆ ಜೇಬಿನಲ್ಲಿಟ್ಟುಕೊಂಡು, ಪ್ರತಿ ಕುಂಡದ ಮಣ್ಣಿಗೂ ಬೆರಳಿಳಿಸಿ, ಕಣ್ಣು ಮುಚ್ಚಿ, ನಾಡಿ ಹಿಡಿದ ವೈದ್ಯನ ಗಾಂಭೀರ್ಯದಿಂದ ಕ್ಷಣಕಾಲ ನಿಂತು, ಆಮೇಲೆಯೇ ಅವನು ನೀರು ಬಿಡುತ್ತಿದ್ದುದು. ಹತ್ತು ಗಂಟೆಯ ಹೊತ್ತಿಗೆ ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿಗಿಳಿದಿರುತ್ತಿತ್ತು. ಬೆರಳು ಮಾತ್ರ ತಪ್ಪುತ್ತಿರಲಿಲ್ಲ. ಗದಗ ಸೀಮೆಯ ಈ ಮನುಷ್ಯನಿಗೆ ಒಂದು ಹಠವೂ ಇತ್ತು: ನಾಗರಪಂಚಮಿಯ ದಿನ ಸಲಿಕೆ ಮುಟ್ಟುವುದಿಲ್ಲ. ಮರುಭೂಮಿಯಲ್ಲಿ ಯಾವ ನಾಗಪ್ಪ ಎಂದು ನಕ್ಕವರೊಂದಿಗೆ ತಾನೂ ನಗುತ್ತಿದ್ದ.

ಈ ಸಲ ಪಂಚಮಿಯಂದೇ ನಾಗಪ್ಪ ಬಂದ. ದೂರದ ದ್ವೀಪದಿಂದ ತರಿಸಿದ ಮುನ್ನೂರು ಹೂಗಿಡಗಳಲ್ಲಿ ಒಂದರ ಬುಡದಿಂದ, ಬೂಟಿನ ಲಾಡಿಯಷ್ಟು ದಪ್ಪದ, ಎಣ್ಣೆ ಹಚ್ಚಿದಂತೆ ಹೊಳೆಯುವ ಕಪ್ಪು ಹಾವೊಂದು ಹೊರಬಿತ್ತು. ಮಂಗಳೂರು ಕಡೆಯ ಮೇಲ್ವಿಚಾರಕ ಸ್ಯಾಮುವೆಲ್ ಬೆಂಚು ಹತ್ತಿದ. ಫೋನಿನಲ್ಲಿ ಸುದ್ದಿ ಕೇಳಿದ ಕಫೀಲ್, ಅಂದರೆ ಇವರನ್ನೆಲ್ಲ ಕರೆಸಿಕೊಂಡ ಅರಬ್ಬಿ ಯಜಮಾನ, ಸಂಜೆಯೊಳಗೆ ಕುಂಡಗಳನ್ನೆಲ್ಲ ಬಗೆದು ವಿಷ ಸುರಿಯಿರಿ ಎಂದ. ಆ ವಿಷಕ್ಕೆ ಬೇರೂ ಉಳಿಯದು. ಆರು ತಿಂಗಳು ಕೂಸಿನಂತೆ ಸಾಕಿದ ಗಿಡಗಳವು. ಈರಯ್ಯ ಸಲಿಕೆ ಮುಟ್ಟಲಿಲ್ಲ.

"ಇಕಾಮಾ ಹೋಗ್ತದೆ ಮಾರಾಯಾ, ಇಲ್ಲಿರ್ಲಿಕ್ಕೆ ಪರವಾನಗಿಯೇ ಇರುದಿಲ್ಲ, ಊರಿಗೆ ಕಳಿಸ್ತಾರೆ," ಎಂದ ಸ್ಯಾಮುವೆಲ್, ಬೆಂಚಿನ ಮೇಲಿಂದಲೇ.

"ಕಳಿಸ್ಲಿ ಬಿಡ್ರಿ. ಇವತ್ತ ನೆಲಾ ಕೆದರಂಗಿಲ್ಲ. ಇದು ಕಣ್ಣಿಲ್ಲದ ಹುಳುಹಾವ್ರಿ, ಇರಿವಿ ತತ್ತಿ ತಿಂದು ಬದಕ್ತದ."

ಸಿಟ್ಟಿನಿಂದ ಕಫೀಲನೇ ಬಂದ. ವಾದಿಸುವಷ್ಟು ಅರಬ್ಬಿ ಈರಯ್ಯನಿಗೆ ಎಲ್ಲಿಯದು? ಯಜಮಾನನ ಕೈ ಹಿಡಿದು, ಪಕ್ಕದ ಸಾಲಿನ ಬಾಡಿದ ಗಿಡವೊಂದರ ಮಣ್ಣಿಗೆ ಅವನ ಬೆರಳನ್ನೇ ಇಳಿಸಿದ. ಬೆರಳಿಳಿಸುವುದು ಕೆದರುವುದಲ್ಲ ಎಂಬುದು ಈರಯ್ಯನದೇ ಧರ್ಮಶಾಸ್ತ್ರ. ಬೆರಳು ಇರುವೆ ಕಚ್ಚಿಸಿಕೊಂಡು ಹೊರಬಂತು. ಆಮೇಲೆ ಹಾವಿದ್ದ ಕುಂಡಕ್ಕೆ ಇಳಿಸಿದ, ಒಂದೂ ಇರುವೆಯಿಲ್ಲ. ಕೊನೆಗೆ, ಆಗಲೇ ಹಾವನ್ನು ಎತ್ತಿಟ್ಟುಕೊಂಡಿದ್ದ ತನ್ನ ಎಡ ಅಂಗೈ ಬಿಚ್ಚಿದ. ಬೆರಳ ಸಂದುಗಳಲ್ಲಿ ಮೂತಿಯಿಂದ ದಾರಿ ತಡಕುತ್ತಿದ್ದ ಆ ಕುರುಡು ಜೀವವನ್ನು ಕಫೀಲ್ ಬಹಳ ಹೊತ್ತು ನೋಡಿ, ತನ್ನ ಕೈಯನ್ನೂ ಮುಂದೆ ಚಾಚಿದ.

"ವಿಷ ಖಲಾಸ್," ಎಂದ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಲೋಕದಲ್ಲಿ ಅಂದು ಹಾವೂ ಬದುಕಿತು, ಕೋಲೂ ಉಳಿಯಿತು. ಚಳಿಗಾಲಕ್ಕೆ ಮುನ್ನೂರು ಗಿಡಗಳೂ ಕೆಂಪಗೆ ಹೂಬಿಟ್ಟವು. ಯಾರೂ ನೋಡದಾಗ ಸ್ಯಾಮುವೆಲ್ ಕೂಡ ಮಣ್ಣಿಗೆ ಬೆರಳಿಟ್ಟು ಕಣ್ಣು ಮುಚ್ಚುವುದುಂಟು.

ಇಂಥವರಿಗೆ ವಾದ ಬರುವುದಿಲ್ಲ. ಹಠ ಬರುತ್ತದೆ, ತಾವು ಮುಟ್ಟಿ ತಿಳಿದದ್ದನ್ನು ಇನ್ನೊಬ್ಬರಿಂದಲೂ ಮುಟ್ಟಿಸುವ ತಾಳ್ಮೆ ಬರುತ್ತದೆ. ಲೋಕದ ಎಷ್ಟೋ ಬೇರುಗಳು ಅವರಿಂದಲೇ ಬದುಕಿವೆ.