ಕೋಣ ಮುಂದೆ ಹೋಗಲಿ

ಹಿತ್ತಿಲಲ್ಲಿ ಹತ್ತನೆಯ ಸಲ ಹಗ್ಗ ಎಳೆದರು. ಎಂಜಿನ್ ಕರ್ರೆಂದಿತು, ಒಮ್ಮೆ ಕೆಮ್ಮಿತು, ಸುಮ್ಮನಾಯಿತು. ಮುಂದಿನ ಕೋಣೆಯಲ್ಲಿ ಗಂಡನ ಶವದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ ಅಕ್ಕ ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಹನ್ನೊಂದು. ಹನ್ನೆರಡು. ಪ್ಲಗ್ ಸತ್ತಿದೆ ಎಂದು ಅವಳಿಗೆ ಐದನೆಯ ಎಳೆತಕ್ಕೇ ಗೊತ್ತಾಗಿತ್ತು. ಎಳೆಯುತ್ತಿದ್ದವರಿಗೆ ಇನ್ನೂ ಗೊತ್ತಾಗಿರಲಿಲ್ಲ.

“ಇಂಥ ಹೊತ್ತಲ್ಲಿ ಏನಮ್ಮ ಅದು ಸದ್ದು?” ಪಕ್ಕದ ಮನೆಯಾಕೆ ಮೆಲ್ಲಗೆ ಕೇಳಿದಳು.

“ಅಪ್ಪನ ಕೋಣ,” ಎಂದಳು ಮಗಳು. “ಹನ್ನೆರಡಕ್ಕೆ ವ್ಯಾನ್ ಬರುತ್ತೆ. ಅದು ಹೊರಟಾಗ ಕೋಣ ಮುಂದೆ ಓಡಬೇಕಂತೆ. ಅಪ್ಪ ಆಸ್ಪತ್ರೆಯಲ್ಲಿ ಹೇಳಿಬಿಟ್ಟಿದ್ದಾರೆ.”

ಹೇಳಿದ್ದು ಹೌದು. ತನ್ನ ಶಿಷ್ಯನಂತಿದ್ದ ಬಸ್ ಡ್ರೈವರನ ಕೈ ಹಿಡಿದುಕೊಂಡು, ಅಕ್ಕನ ಎದುರಿಗೇ ಹೇಳಿದ್ದ. “ಯಮ ಹೇಗೂ ಕೋಣನ ಮೇಲೆ ಬರ್ತಾನೆ. ಅವನದ್ದು ನಿಧಾನ ಕಣಯ್ಯ. ನನ್ನ ಕೋಣನ್ನ ಮುಂದೆ ಬಿಡಿ, ಅವನು ಹಿಂದೆ ಬರ್ಲಿ.” ಡ್ರೈವರ್ ನಗಬೇಕೋ ಅಳಬೇಕೋ ತಿಳಿಯದೆ ಹೂಂಗುಟ್ಟಿದ್ದ.

ಕೋಣ ಎಂದರೆ ರಿಮೋಟಿನಲ್ಲಿ ಓಡುವ ಟ್ರಕ್ಕು. ಎತ್ತರ ಮೊಣಕಾಲಿನವರೆಗೂ ಬರುವುದಿಲ್ಲ. ಆದರೆ ಚಕ್ರ ಒಂದೊಂದೂ ತೆಂಗಿನಕಾಯಿಯಷ್ಟು ದಪ್ಪ, ಹೊಟ್ಟೆಯಲ್ಲಿ ನಿಂಬೆಹಣ್ಣಿನ ಗಾತ್ರದ ನಿಜವಾದ ಎಂಜಿನ್. ಅದು ಕುಡಿಯುವುದು ನೈಟ್ರೋ ಎಂಬ ಘಾಟು ಇಂಧನ. ಮೈದಾನದಲ್ಲಿ ಬಿಟ್ಟರೆ ಸ್ಕೂಟರನ್ನು ಹಿಂದೆ ಹಾಕುತ್ತಿತ್ತು. ಅದನ್ನು ಆಟದ ಸಾಮಾನು ಎಂದವರ ಜೊತೆ ಗಂಡ ಒಂದು ವಾರ ಮಾತು ಬಿಡುತ್ತಿದ್ದ. ಸ್ವಂತ ತಮ್ಮ ಹಾಗಂದಿದ್ದಕ್ಕೆ ಎರಡು ವಾರ ಬಿಟ್ಟಿದ್ದ. ಕೊಂಡು ತಂದದ್ದರಲ್ಲಿ ಈಗ ಉಳಿದಿರುವುದು ಎಂಜಿನ್ನು ಮತ್ತು ನಿಮ್ಮ ಜಂಬ ಎಂದು ಅಕ್ಕ ರೇಗಿಸುತ್ತಿದ್ದಳು. ಮೂತಿ ಎತ್ತಿ ಹಿಂದಕ್ಕೆ ಮಗುಚದಂತೆ ಹಳೇ ಛತ್ರಿಯ ಕಂಬಿಯಿಂದ ಒಂದು ಬಾಲ, ತಳಕ್ಕೆ ಜನರೇಟರ್ ಪೆಟ್ಟಿಗೆಯ ತಗಡು. ಗಾಳಿ ಸೋಸುವ ಡಬ್ಬಿಯ ಮೇಲೆ, ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹಾಕಿಕೊಳ್ಳುತ್ತಿದ್ದ ಹೆಡ್‌ಫೋನಿನ ಸ್ಪಂಜು.

ಹದಿನಾಲ್ಕನೆಯ ಎಳೆತಕ್ಕೆ ಎಂಜಿನ್ ಹತ್ತಿಕೊಂಡಿತು. ಬಸ್ ಡ್ರೈವರ್ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದ.

“ಪ್ಲಗ್ ಹೋಗಿತ್ತು ಅಕ್ಕ. ಬೀಗದವನು ಹೊಸದು ಹಾಕಿದ. ಬಿಸಿಯಾಗ್ಲಿ ಅಂತ ಬಿಟ್ಟಿದ್ದೀವಿ.”

ಬೀಗದವನು ಪೇಟೆಯಲ್ಲಿ ಕೀಲಿಕೈ ಮಾಡುವವನು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಡ್ರೈವರ್ ಅವನ ಪಾಲಿನದ್ದನ್ನೂ ಸೇರಿಸಿ ಆಡುತ್ತಿದ್ದ. ಪ್ರತಿ ಭಾನುವಾರ ಅಂಥ ಆರೇಳು ಜನ ತಂತಮ್ಮ ಗಾಡಿ ಹೊತ್ತು ಹಿತ್ತಿಲಿಗೆ ಬರುತ್ತಿದ್ದರು. ಅವರೆಲ್ಲರಿಗೂ ಗಂಡ ಗುರುಗಳು.

“ಗುರುಗಳದ್ದು ಎಂಥ ಕಿವಿ ಅಂತ ನಿಮಗ್ಯಾರಿಗೂ ಗೊತ್ತಿಲ್ಲ,” ಎಂದು ಡ್ರೈವರ್ ಕೂತವರಿಗೆ ಹೇಳಿದ. “ಗಾಡಿ ಏನೇ ತಕರಾರು ಮಾಡ್ಲಿ, ಸ್ಕ್ರೂ ಮೇಲೆ ಕೈಯಿಟ್ಟು ಹೀಗೆ ಆಕಾಶ ನೋಡೋರು. ದೇವರನ್ನೇ ಕೇಳ್ತಾ ಇದ್ದಾರೇನೋ ಅನ್ನೋ ಹಾಗೆ. ಆಮೇಲೆ ಕೂದಲೆಳೆಯಷ್ಟು ತಿರುಗಿಸೋರು. ಮುಗೀತು. ಒಂದು ಭಾನುವಾರ ಆಕಾಶ ನೋಡಿದ್ರು, ನೋಡಿದ್ರು, ಸ್ಕ್ರೂಡ್ರೈವರ್ ಕೆಳಗಿಟ್ಟು, ಇವತ್ತು ಗಾಳಿ ಸರಿಯಿಲ್ಲ, ಮುಂದಿನ ವಾರ ಬನ್ನಿ ಅಂದ್ರು. ಗಾಳಿ ನೋಡಿ ಹೇಳೋರು ಅಂದ್ರೆ ನೀವೇ ಯೋಚನೆ ಮಾಡಿ.”

ಅಕ್ಕ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ದುಃಖ ಉಕ್ಕಿತೆಂದು ಪಕ್ಕದ ಮನೆಯಾಕೆ ಅವಳ ಬೆನ್ನು ಸವರಿದಳು. ಉಕ್ಕಿದ್ದು ನಗು. ನಗುವಿನ ಅಡಿಯಲ್ಲಿ ಒಂದು ಮುಳ್ಳೂ ಇತ್ತು, ಸುಳ್ಳೇಕೆ. ಹನ್ನೊಂದು ವರ್ಷದಿಂದ ಇದ್ದ ಮುಳ್ಳು.

* * *

ಗಂಡ ಮೂವತ್ತೆರಡು ವರ್ಷ ಗಿರಣಿಯೊಂದರ ಜನರೇಟರ್ ಕೋಣೆಯಲ್ಲಿ ಕಳೆದಿದ್ದ. ಬೀಳ್ಕೊಡುವಾಗ ಗಿರಣಿಯವರು ಅವನಿಗೆ ಅಲಾರಂ ಗಡಿಯಾರ ಕೊಟ್ಟರು. ಅದು ಹೊಡೆಯುವುದು ಅವನಿಗೆ ಕೇಳಿಸುತ್ತಿರಲಿಲ್ಲ. ಜನರಾಡುವ ಮಾತು ಕೇಳುತ್ತಿತ್ತು, ದಪ್ಪ ಸದ್ದೆಲ್ಲ ಕೇಳುತ್ತಿತ್ತು. ಸಣ್ಣ ಸ್ವರಗಳು ಒಂದೊಂದಾಗಿ ಹೋಗಿದ್ದವು. ಸೊಳ್ಳೆ ಕೇಳಿಸದಿರುವುದು ನನ್ನ ಪುಣ್ಯ ಎಂದು ತಾನೇ ನಗುತ್ತಿದ್ದ.

ಆದರೆ ನೈಟ್ರೋ ಎಂಜಿನ್ ತನ್ನ ಕಷ್ಟಸುಖ ಹೇಳಿಕೊಳ್ಳುವುದೇ ಸಣ್ಣ ಸ್ವರದಲ್ಲಿ. ಇಂಧನ ಹೆಚ್ಚಾದರೆ ಗೊರಗೊರ ಎನ್ನುತ್ತದೆ, ಕಡಿಮೆಯಾದರೆ ಕೀರಲು ದನಿಯಲ್ಲಿ ಅರಚುತ್ತದೆ. ಅರಚುವುದು ಕೇಳಿಸದೆ ಗಂಡ ಮೊದಲ ಎಂಜಿನ್ನನ್ನು ಸುಟ್ಟು ಹಾಕಿದ. ಎರಡನೆಯದನ್ನೂ ಸುಡುವ ದಾರಿಯಲ್ಲಿದ್ದಾಗ, ಮಹಡಿಯ ಅಡುಗೆಮನೆಯ ಕಿಟಕಿಯಿಂದ ಅಕ್ಕ ಕೂಗಿದ್ದಳು. “ಹಸಿವಾಗಿ ಬಾಯಿ ಬಡ್ಕೋತಾ ಇದೆಯಲ್ರೀ, ಕೇಳಿಸಲ್ವಾ?”

ಅವನು ಎಂಜಿನ್ ಆರಿಸಿ, ಮೆಟ್ಟಿಲು ಹತ್ತಿ ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತ. “ಕೇಳಿಸಲ್ಲ,” ಎಂದ. ಮದುವೆಯಾದ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಅವನು ಒಂದು ಕೊರತೆಯನ್ನು ಒಪ್ಪಿಕೊಂಡದ್ದು ಅದೇ ಮೊದಲು.

ಅಕ್ಕ ಇಪ್ಪತ್ತಾರು ವರ್ಷ ಎಕ್ಸ್‌ಚೇಂಜಿನಲ್ಲಿ ಕೂತವಳು. ಲೈನಿನ ಆ ತುದಿಯಲ್ಲಿ ಉಸಿರಾಡಿದರೆ ಯಾರೆಂದು ಹೇಳುತ್ತಿದ್ದಳು. ಅಂದು ಇಬ್ಬರೂ ಸೇರಿ ಒಂದು ಏರ್ಪಾಡು ಮಾಡಿಕೊಂಡರು. ಅವಳು ಕಿಟಕಿಯಲ್ಲಿ ನಿಲ್ಲಬೇಕು. ಮುಷ್ಟಿ ಬಿಗಿದರೆ ಅವನು ಇಂಧನ ಬಿಡುವ ಸ್ಕ್ರೂ ಬಿಗಿಯಬೇಕು. ಅಂಗೈ ಬಿಚ್ಚಿದರೆ ಬಿಚ್ಚಬೇಕು. ಸ್ವರ ಸರಿಯಾಗಿ ಕೂತಾಗ ಅವಳು ಕೈಯನ್ನು ಗಲ್ಲಕ್ಕೆ ಕೊಟ್ಟುಕೊಳ್ಳುತ್ತಾಳೆ.

“ಯಾರಿಗೂ ಹೇಳ್ಬಾರ್ದು,” ಎಂದಿದ್ದ ಗಂಡ. “ಹುಡುಗರು ನಗ್ತಾರೆ.”

ಹುಡುಗರು ಎಂದರೆ ನಲವತ್ತು ದಾಟಿದ ಬಸ್ ಡ್ರೈವರ್ ಮತ್ತು ಐವತ್ತರ ಬೀಗದವನು. “ಹೇಳಲ್ಲ,” ಎಂದು ಅಕ್ಕ ಮಾತು ಕೊಟ್ಟಳು. ಕೊಟ್ಟದ್ದನ್ನು ನಡೆಸಿಕೊಂಡು ಬಂದಳು. ತಪ್ಪಿದ್ದು ಒಂದೇ ಭಾನುವಾರ. ಅದರ ಹಿಂದಿನ ದಿನ ತಮ್ಮನ ಎದುರಿಗೆ ಗಂಡ, “ಇವಳಿಗೇನು ಗೊತ್ತು ಯಂತ್ರದ ವಿಷಯ,” ಎಂದುಬಿಟ್ಟಿದ್ದ. ಮರುದಿನ ಅಕ್ಕ ಕಿಟಕಿಯನ್ನೇ ತೆಗೆಯಲಿಲ್ಲ. ಗಾಳಿ ಸರಿಯಿಲ್ಲದ ಭಾನುವಾರ ಅದೇ.

ಆ ಮಧ್ಯಾಹ್ನ ಅವನು ಪಾತ್ರೆಗಳನ್ನೆಲ್ಲ ತೊಳೆದ. ತೊಳೆದಿಟ್ಟಿದ್ದವನ್ನೂ ಮತ್ತೆ ತೊಳೆದ. ಆಮೇಲೆ ಕಿಟಕಿಯ ಕೀಲುಗಳಿಗೆ ಎಣ್ಣೆ ಬಿಟ್ಟು, ನಾಲ್ಕು ಸಲ ತೆಗೆದು ಮುಚ್ಚಿ ನೋಡಿ, ಹೋದ. ಮುಂದಿನ ಭಾನುವಾರ ಕಿಟಕಿ ಸದ್ದಿಲ್ಲದೆ ತೆರೆಯಿತು.

* * *

ಹಿತ್ತಿಲಿನ ಸ್ವರ ಬದಲಾಯಿತು. ಅಕ್ಕನ ಬೆನ್ನು ನೆಟ್ಟಗಾಯಿತು. ಎಂಜಿನ್ ಏರುತ್ತಿತ್ತು, ಏರಿದ್ದು ಇಳಿಯುತ್ತಿರಲಿಲ್ಲ. ಅದರ ಕೆಳಗೆ ದಾರದಂಥ ಸಿಳ್ಳೆಯೊಂದು ಕೇಳುತ್ತಿತ್ತು. ಡ್ರೈವರ್ ಹಿತ್ತಿಲಿಗೆ ಓಡಿದ. ಅವನ ದನಿ ಇಲ್ಲಿಯವರೆಗೂ ಬಂತು. “ಏನಾಗಿಲ್ಲ ಬಿಡ್ರಯ್ಯ, ನೋಡಿ, ಹೊಗೆನೇ ಇಲ್ಲ. ಎಷ್ಟು ಶುದ್ಧವಾಗಿ ಓಡ್ತಾ ಇದೆ. ಸ್ಕ್ರೂ ಸ್ವಲ್ಪ ಬಿಚ್ಚಿದ್ರೆ ಸಾಕು.”

ಇಪ್ಪತ್ತು ವರ್ಷ ಬಸ್ಸು ಓಡಿಸಿದವನು. ಬಸ್ಸಿಗೆ ಹೊಗೆ ಇಲ್ಲದಿರುವುದೇ ಆರೋಗ್ಯ. ಕೋಣನದ್ದು ತದ್ವಿರುದ್ಧ. ಅದರ ಇಂಧನದಲ್ಲೇ ಎಣ್ಣೆ ಬೆರೆತಿರುತ್ತದೆ. ಹೊಗೆ ಇಲ್ಲವೆಂದರೆ ಒಳಗೆ ಎಣ್ಣೆಯಿಲ್ಲ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ. ಐದು ನಿಮಿಷ ಹೀಗೆ ಓಡಿದರೆ ಕಚ್ಚಿಕೊಂಡು ನಿಂತುಬಿಡುತ್ತದೆ. ಮತ್ತೆ ಏಳುವುದಿಲ್ಲ.

ಅಕ್ಕ ಎದ್ದಳು.

“ಅಮ್ಮ, ಎಲ್ಲಿಗೆ? ಜನ ಬರ್ತಾ ಇದ್ದಾರೆ,” ಎಂದಳು ಮಗಳು.

“ಅಡುಗೆಮನೆಗೆ.”

“ನೀರು ಬೇಕಾದ್ರೆ ನಾನು ತರ್ತೀನಿ.”

“ನೀರಲ್ಲ.”

ಮಂಡಿ ಹಿಡಿದುಕೊಂಡು ಹದಿನಾರು ಮೆಟ್ಟಿಲು ಹತ್ತಿ, ಕಿಟಕಿ ತೆರೆದು, ಅಂಗೈ ಬಿಚ್ಚಿ ಹಿಡಿದಳು. ಬೆರಳುಗಳನ್ನೆಲ್ಲ ಅಗಲಿಸಿ ಹಿಡಿದಳು. ಕೆಳಗೆ ಮೂರು ತಲೆಗಳು ಕೋಣನ ಮೇಲೆ ಬಾಗಿದ್ದವು: ಡ್ರೈವರನದ್ದು, ಬೀಗದವನದ್ದು, ಕೈಕಟ್ಟಿ ನಿಂತ ಮೈದುನನದ್ದು. ಒಬ್ಬರೂ ಮೇಲೆ ನೋಡಲಿಲ್ಲ. ಏಕೆ ನೋಡುತ್ತಾರೆ? ನೋಡುತ್ತಿದ್ದವನು ಒಬ್ಬನೇ. ಅವನು ಮುಂದಿನ ಕೋಣೆಯಲ್ಲಿ ಮಲಗಿದ್ದ.

ಬೆಳಗಿನಿಂದ ಬಾರದಿದ್ದ ಅಳು ಈಗ ಬಂತು. ಎತ್ತಿದ ಕೈಯನ್ನು ಇಳಿಸುವುದೂ ಮರೆತು ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು.

ಕೂಗಿ ಹೇಳಿದರೆ ಕೊಟ್ಟ ಮಾತು ಹೋಗುತ್ತದೆ. ಸುಮ್ಮನಿದ್ದರೆ ಕೋಣ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಆದರೆ ಎಂಜಿನ್ನಿಗೆ ಅವಳ ಧರ್ಮಸಂಕಟ ಗೊತ್ತಿರಲಿಲ್ಲ. ಅದು ಅರಚುತ್ತಲೇ ಇತ್ತು. ಅಕ್ಕ ಮುಖ ಒರೆಸಿಕೊಂಡು, ಪಾತ್ರೆ ಇಳಿಸುವ ದಪ್ಪ ಬಟ್ಟೆ ತೆಗೆದುಕೊಂಡು ಕೆಳಗಿಳಿದಳು. ಹಿತ್ತಿಲ ಬಾಗಿಲು ದಾಟಿ ನೇರ ಹೋಗಿ, ಬಾಗಿ, ಸೈಲೆನ್ಸರಿನ ಬಾಯಿಗೆ ಬಟ್ಟೆ ಒತ್ತಿ ಹಿಡಿದಳು. ಎಂಜಿನ್ ಉಸಿರು ಕಟ್ಟಿ ನಿಂತಿತು.

“ಇನ್ನೆರಡು ನಿಮಿಷ ಬಿಟ್ಟಿದ್ರೆ ಇದೂ ಇವರ ಜೊತೆಗೇ ಹೋಗ್ತಿತ್ತು,” ಎಂದಳು. “ಸ್ಕ್ರೂ ಎಷ್ಟು ಬಿಚ್ಚಿದ್ರೂ ಆಗಲ್ಲ ಇದು. ಸೈಲೆನ್ಸರಿನಿಂದ ಟ್ಯಾಂಕಿಗೆ ಹೋಗುತ್ತಲ್ಲ, ಆ ಟ್ಯೂಬ್ ನೋಡಿ. ಎಲ್ಲೋ ಬಿರುಕು ಬಿಟ್ಟಿದೆ, ಇಂಧನ ತಳ್ಳೋ ಒತ್ತಡ ಸೋರಿಹೋಗ್ತಿದೆ. ಸಿಳ್ಳೆ ಹೊಡೀತಾ ಇದೆ.”

ಬೀಗದವನು ಟ್ಯೂಬಿನ ಉದ್ದಕ್ಕೂ ಉಗುರು ಓಡಿಸಿದ. ಬಾಗುವ ಜಾಗದಲ್ಲಿ ಉಗುರು ಸಿಕ್ಕಿಕೊಂಡಿತು. ಗಂಡ ಹಾಸಿಗೆ ಹಿಡಿದ ಮೂರು ತಿಂಗಳು ಸುಮ್ಮನೆ ಕೂತು ರಬ್ಬರು ಒಣಗಿತ್ತು. ಬೀಗದವನು ತನ್ನ ಡಬ್ಬಿಯಿಂದ ಹೊಸ ಟ್ಯೂಬ್ ತೆಗೆದು ಕತ್ತರಿಸಿದ.

“ಅತ್ತಿಗೆ, ನಿಮಗೆ ಇದೆಲ್ಲ ಯಾವಾಗ ಬಂತು?” ಎಂದ ಮೈದುನ.

ಎಲ್ಲರೂ ಅವಳತ್ತ ನೋಡಿದರು. ಸತ್ಯ ನಾಲಿಗೆಯ ತುದಿಗೆ ಬಂದು ಕೂತಿತು.

“ಹನ್ನೊಂದು ವರ್ಷ ಪ್ರತಿ ಭಾನುವಾರ ಇದೇ ಕಚೇರಿ,” ಎಂದಳು ಅಕ್ಕ. “ಬರದೆ ಏನು ಮಾಡುತ್ತೆ? ಇವರೇ ಹೇಳಿಕೊಟ್ರು.”

“ಮತ್ತೆ,” ಎಂದ ಡ್ರೈವರ್ ಹೆಮ್ಮೆಯಿಂದ. “ಹೂವಿನ ಜೊತೆ ನಾರೂ ಸ್ವರ್ಗ ಸೇರ್ತು ಅಂತಾರಲ್ಲ, ಹಾಗೆ.”

ನಾರು ಕೈಯಲ್ಲಿದ್ದ ಮಸಿ ಬಟ್ಟೆಯನ್ನು ಮಡಚಿಟ್ಟಿತು.

ಬೀಗದವನು ಗುರುಗಳು ಮಂಡಿಯೂರುತ್ತಿದ್ದ ಹಳೇ ರಬ್ಬರ್ ಚಾಪೆಯ ಮೇಲೆ ಮಂಡಿಯೂರಿ ಹಗ್ಗ ಎಳೆದ. ಕೋಣ ಮೊದಲ ಎಳೆತಕ್ಕೇ ಎದ್ದಿತು. ಸಿಳ್ಳೆ ಹೋಗಿತ್ತು. ಆದರೆ ಡ್ರೈವರ್ ಆಗಲೇ ಸ್ಕ್ರೂ ಬಿಚ್ಚಿದ್ದರಿಂದ ಈಗ ಇಂಧನ ಹೆಚ್ಚಾಗಿ, ತುಂಬಿದ ಹೊಟ್ಟೆಯವರ ಹಾಗೆ ಗೊರಗೊರ ಎನ್ನುತ್ತಿತ್ತು. ಅಕ್ಕನ ಬಲಗೈ ಅವಳನ್ನು ಕೇಳದೆ ತಾನಾಗಿ ಮುಷ್ಟಿ ಬಿಗಿಯಿತು.

ಬೀಗದವನು ಆ ಮುಷ್ಟಿಯನ್ನು ನೋಡಿದ. ಸ್ಕ್ರೂವನ್ನು ಒಂದಿಷ್ಟು ಬಿಗಿದ. ಸ್ವರ ಹಗುರವಾಯಿತು. ಅವನು ಮತ್ತೆ ಮುಷ್ಟಿ ನೋಡಿದ. ಆಮೇಲೆ, ಗುರುಗಳು ಎತ್ತುತ್ತಿದ್ದ ಹಾಗೆಯೇ ತಲೆ ಎತ್ತಿದ.

ಆ ಚಾಪೆಯ ಮೇಲಿಂದ ಆಕಾಶ ಕಾಣುವುದಿಲ್ಲ. ಒಂದು ಕಡೆ ಶೆಡ್ಡಿನ ತಗಡು, ಒಂದು ಕಡೆ ಪಕ್ಕದ ಮನೆಯ ಗೋಡೆ. ಅವೆರಡರ ನಡುವೆ ಅಡುಗೆಮನೆಯ ಕಿಟಕಿ. ಅದರ ಮರದ ಹಲಗೆಯ ಹಸಿರು ಬಣ್ಣ ಎರಡು ಕಡೆ, ಒಂದು ಮೊಳದ ಅಂತರದಲ್ಲಿ, ಮೊಣಕೈಯಗಲ ಸವೆದು ಬಿಳಿಚಿತ್ತು.

ಬೀಗ ತೋರಿಸಿದರೆ ಕೀಲಿಕೈ ಎಂಥದ್ದೆಂದು ಹೇಳುವ ಕಸುಬು ಅವನದ್ದು. ಅವನು ಬಹಳ ಹೊತ್ತು ನೋಡಿದ. ಇನ್ನೊಂದು ಮಾತಿಗೆ ಎಲ್ಲ ಬಯಲು. ಹೇಳಲಿ ಎಂದು ಅಕ್ಕನಿಗೆ ಅರ್ಧ ಮನಸ್ಸು, ಹೇಳದಿರಲಿ ಎಂದು ಅರ್ಧ.

“ಇಲ್ಲಿ ಗದ್ದಲ ಜಾಸ್ತಿ, ಅಕ್ಕ,” ಎಂದ ಬೀಗದವನು. “ನೀವು ಮೇಲೆ ಹೋಗಿ, ನಿಮ್ಮ ಜಾಗದಲ್ಲಿ ನಿಂತ್ಕೊಳ್ಳಿ.”

ಮುಂಬಾಗಿಲಲ್ಲಿ ವ್ಯಾನಿನ ಹಾರ್ನ್ ಕೇಳಿಸಿತು. ಮಗಳು ಬಂದು, “ಅಮ್ಮ, ಬಂದುಬಿಟ್ರು,” ಎಂದಳು.

“ಐದು ನಿಮಿಷ ಕಾಯೋದಕ್ಕೆ ಹೇಳು,” ಎಂದಳು ಅಕ್ಕ, ಎಕ್ಸ್‌ಚೇಂಜಿನಲ್ಲಿ ‘ಲೈನಿನಲ್ಲೇ ಇರಿ’ ಎನ್ನುತ್ತಿದ್ದ ದನಿಯಲ್ಲಿ.

ಮತ್ತೆ ಹದಿನಾರು ಮೆಟ್ಟಿಲು. ಈ ಸಲ ಅವಳು ಮಂಡಿ ಹಿಡಿದುಕೊಳ್ಳಲಿಲ್ಲ. ಸವೆದ ಎರಡು ಜಾಗದಲ್ಲಿ ಮೊಣಕೈಯೂರಿ ಕೆಳಗೆ ನೋಡಿದಳು. ಬೀಗದವನು ಸ್ಕ್ರೂ ಮೇಲೆ ಕೈಯಿಟ್ಟು ತಲೆ ಎತ್ತಿದ.

“ನೋಡ್ರಯ್ಯ,” ಎಂದ ಬಸ್ ಡ್ರೈವರ್. “ಇವನೂ ಆಕಾಶ ನೋಡೋಕೆ ಶುರು ಮಾಡಿದ.”

ಅಕ್ಕ ಮುಷ್ಟಿ ಬಿಗಿದಳು. ಅವನು ಬಿಗಿದ. ಇನ್ನೊಂದು ಸಲ. ಬೆರಳು ಸ್ವಲ್ಪ ಸಡಿಲಿಸಿದಳು. ಅವನು ಕೂದಲೆಳೆಯಷ್ಟು ಬಿಚ್ಚಿದ. ತೆಳ್ಳಗಿನ ನೀಲಿ ಹೊಗೆ ಬಟ್ಟೆ ಒಣಹಾಕುವ ತಂತಿಯನ್ನು ದಾಟಿ ಕಿಟಕಿಯವರೆಗೂ ಬಂತು. ಅದರ ಹಿಂದೆಯೇ ಸ್ವರ ಬಂತು, ಎಲ್ಲೂ ಅಲುಗದೆ, ತನ್ನ ಜಾಗದಲ್ಲಿ ಕೂತು. ಅಕ್ಕ ಕೈಯನ್ನು ಗಲ್ಲಕ್ಕೆ ಕೊಟ್ಟುಕೊಂಡಳು.